ಹಳೇ ಬೈಕಿನ ಕಾರ್ಬೊರೇಟರ್ ಸ್ಕ್ರೂ ಜಗ್ಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: 1970ರ ದಶಕದ ಜಪಾನಿ ಬೈಕೊಂದನ್ನು ಮತ್ತೆ ಓಡುವ ಸ್ಥಿತಿಗೆ ತರುತ್ತಿದ್ದೇನೆ. ಎರಡು ಸಿಲಿಂಡರಿನ ಗಾಡಿ, ಬಹಳ ವರ್ಷ ನಿಂತೇ ಇತ್ತು. ಎರಡೂ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ, ಮಿಕುನಿ ಕಂಪನಿಯದು) ಬಿಚ್ಚಿ ಟೇಬಲ್ ಮೇಲಿಟ್ಟಿದ್ದೇನೆ. ಫ್ಲೋಟ್ ಬೌಲಿನ, ಅಂದರೆ ಪೆಟ್ರೋಲ್ ನಿಲ್ಲುವ ತಳದ ಬಟ್ಟಲಿನ, ಎಂಟು ಸ್ಕ್ರೂಗಳಲ್ಲಿ ಒಂದೂ ತಿರುಗುತ್ತಿಲ್ಲ. ಎರಡರ ತಲೆ ಆಗಲೇ ಸವೆದು ಗುಂಡಿಯಾಗಿದೆ. ಡಬ್ಲ್ಯುಡಿ-40 ಹೊಡೆದು ರಾತ್ರಿಯಿಡೀ ಬಿಟ್ಟೆ, ಪ್ರಯೋಜನವಾಗಲಿಲ್ಲ. ಗೆಳೆಯರೊಬ್ಬರು ಡ್ರಿಲ್ ಮಾಡಿ ಈಸಿ ಔಟ್ (ಸಿಕ್ಕಿಕೊಂಡ ಸ್ಕ್ರೂವನ್ನು ಒಳಗಿನಿಂದ ಕಚ್ಚಿ ತಿರುಗಿಸುವ ಉಪಕರಣ) ಹಾಕು ಅಂತಾರೆ. ಇನ್ನೊಬ್ಬರು ಗ್ಯಾಸ್ ಟಾರ್ಚಿನಲ್ಲಿ ಕಾಯಿಸು ಅಂತಾರೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ಸದ್ಯಕ್ಕೆ ಸ್ಕ್ರೂಡ್ರೈವರನ್ನೂ ಕೆಳಗಿಡಿ. ನಿಮ್ಮ ಹತ್ತಿರ ಇನ್ನೂ ಆರು ಸ್ಕ್ರೂಗಳ ತಲೆ ಚೆನ್ನಾಗಿದೆ. ಅವು ಹಾಗೇ ಇರುವವರೆಗೆ ಇದು ತಾಳ್ಮೆಯ ಕೆಲಸ ಅಷ್ಟೇ. ಅವೂ ಸವೆದುಹೋದರೆ ಎಂಟನ್ನೂ ಡ್ರಿಲ್ ಮಾಡಬೇಕಾಗುತ್ತದೆ. ಆಗ ಕಾರ್ಬೊರೇಟರೇ ಕೆಡುವ ಸಾಧ್ಯತೆ ಜಾಸ್ತಿ. ಹಾಗಾಗಿ ಮುಂದೆ ಹೇಳುವುದೆಲ್ಲ ಒಂದೇ ಗುರಿಗೆ: ತಲೆ ಕೆಡದಂತೆ ಸ್ಕ್ರೂ ಸಡಿಲ ಮಾಡುವುದು.

ಯಾವ ಸ್ಕ್ರೂಡ್ರೈವರ್ ಬಳಸಿದಿರಿ ಅಂತ ನೀವು ಬರೆದಿಲ್ಲ. ಎಲ್ಲರ ಡಬ್ಬದಲ್ಲೂ ಇರುವ ಸಾಮಾನ್ಯ ಸ್ಟಾರ್, ಅಂದರೆ ಫಿಲಿಪ್ಸ್ ಇರಬೇಕು ಅಂತ ನನ್ನ ಊಹೆ. ನಿಮ್ಮ ಸ್ಕ್ರೂಗಳು ಫಿಲಿಪ್ಸ್ ಅಲ್ಲ. ಜಪಾನಿನ ಹಳೇ ಬೈಕುಗಳಲ್ಲಿ, ಕಾರ್ಬೊರೇಟರ್ ಮಿಕುನಿ ಕಂಪನಿಯದಿರಲಿ ಕೇಹಿನ್ ಕಂಪನಿಯದಿರಲಿ, ಜೆಐಎಸ್ ಅನ್ನುವ ಜಪಾನಿ ಮಾನಕದ ಸ್ಕ್ರೂ ಇರುತ್ತದೆ. ನೋಡಲು ಎರಡೂ ಒಂದೇ ತರಹದ ಪ್ಲಸ್ ಗುರುತು. ಆದರೆ ಫಿಲಿಪ್ಸ್ ತುದಿಯ ಮೂಲೆಗಳು ಸ್ವಲ್ಪ ದುಂಡಗಿರುತ್ತವೆ. ಅದು ಜೆಐಎಸ್ ಗುಳಿಯ ತಳ ಮುಟ್ಟುವುದೇ ಇಲ್ಲ, ಮೇಲೆಯೇ ನಿಂತುಬಿಡುತ್ತದೆ. ಬಲ ಹಾಕಿದ ಕೂಡಲೇ ಜಾರಿ ಮೇಲಕ್ಕೆ ಬರುತ್ತದೆ, ಬರುವಾಗ ತಲೆಯ ಅಂಚನ್ನೂ ಕೆತ್ತಿಕೊಂಡು ಬರುತ್ತದೆ. ಎರಡು ಸಲ ಹೀಗಾದರೆ ಸಾಕು, ನೀವು ಹೇಳಿದ ಗುಂಡಿ ತಯಾರು. ಎಷ್ಟೋ ಸಲ ಸ್ಕ್ರೂ ಅಷ್ಟೇನೂ ಬಿಗಿ ಇರುವುದಿಲ್ಲ. ಡ್ರೈವರ್ ಸರಿಯಿಲ್ಲದೆ ತಲೆ ಹೋಗಿರುತ್ತದೆ, ಬೈಗುಳ ಮಾತ್ರ ತುಕ್ಕಿಗೆ.

ಜೆಐಎಸ್ ಸ್ಕ್ರೂಗಳ ತಲೆ ಮೇಲೆ ಹಲವು ಸಲ ಒಂದು ಸಣ್ಣ ಚುಕ್ಕಿ ಒತ್ತಿರುತ್ತದೆ. ಚುಕ್ಕಿ ಕಂಡರೆ ಅನುಮಾನವೇ ಬೇಡ. ಕಾಣದಿದ್ದರೂ ಜಪಾನಿ ಗಾಡಿ ಅಂದ ಮೇಲೆ ಜೆಐಎಸ್ ಅಂತಲೇ ಇಟ್ಟುಕೊಳ್ಳಿ. ವೆಸೆಲ್‌ನಂಥ ಜಪಾನಿ ಕಂಪನಿಗಳ ಜೆಐಎಸ್ ಡ್ರೈವರ್ ಒಂದನ್ನು ತರಿಸಿಕೊಳ್ಳಿ. 3ರಿಂದ 5 ಮಿಲಿಮೀಟರ್ ಸ್ಕ್ರೂಗಳಿಗೆ 2ನೇ ನಂಬರ್ ತುದಿ, 6 ಮಿಲಿಮೀಟರ್‌ಗೆ 3ನೇ ನಂಬರ್. ಫ್ಲೋಟ್ ಬೌಲಿನವು ಸಾಮಾನ್ಯವಾಗಿ 4 ಅಥವಾ 5 ಮಿಲಿಮೀಟರ್, ಹಾಗಾಗಿ ನಿಮಗೆ 2 ಸಾಕು. ಈ ಡ್ರೈವರ್ ಫಿಲಿಪ್ಸ್ ಸ್ಕ್ರೂಗೂ ನಡೆಯುತ್ತದೆ, ದುಡ್ಡು ದಂಡ ಅನ್ನುವಂತಿಲ್ಲ. ತರಿಸುವಷ್ಟು ಪುರುಸೊತ್ತು ಇಲ್ಲ ಅಂದರೆ ಒಂದು ಒಳ್ಳೆಯ ಫಿಲಿಪ್ಸ್ ಬಿಟ್ಟಿನ ತುದಿಯನ್ನು ಅರ್ಧ ಮಿಲಿಮೀಟರ್‌ನಷ್ಟು ಉಜ್ಜಿ ಚಪ್ಪಟೆ ಮಾಡಿ. ಆಗ ಅದು ಗುಳಿಯೊಳಗೆ ಇನ್ನಷ್ಟು ಇಳಿಯುತ್ತದೆ. ಇದು ಬದಲಿ ದಾರಿ ಅಷ್ಟೇ, ಜೆಐಎಸ್‌ಗೆ ಸಮ ಅಲ್ಲ.

ಇನ್ನು ಸ್ಕ್ರೂವನ್ನು ಹಿಡಿದುಕೊಂಡಿರುವುದು ಏನು? ಕಾರ್ಬೊರೇಟರ್ ಮೈ ಅಲ್ಯುಮಿನಿಯಂ ಅಥವಾ ಸತು ಮಿಶ್ರಲೋಹದ್ದು. ಸ್ಕ್ರೂ ಉಕ್ಕಿನದು. ಎರಡು ಬೇರೆ ಲೋಹ, ನಡುವೆ ತೇವ. ಇಷ್ಟಿದ್ದರೆ ಅಲ್ಲಿ ಸಣ್ಣ ಬ್ಯಾಟರಿಯೇ ಆಯಿತು. ಸ್ಕ್ರೂ ಮೇಲಿನ ಸತುವಿನ ಲೇಪ ಇರುವವರೆಗೆ ಅದೇ ಮೊದಲು ಸವೆಯುತ್ತದೆ. ಅದು ಮುಗಿದ ಮೇಲೆ ಮೈಯ ಲೋಹ ಸವೆಯಲು ಶುರುವಾಗಿ ಬಿಳಿ ಪುಡಿ ಕಟ್ಟುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಥ್ರೆಡ್ಡಿನ ಸಂದಿಯಲ್ಲಿ ಜಾಗ ಎಲ್ಲಿ? ಹಾಗಾಗಿ ಸ್ಕ್ರೂವನ್ನು ಸುತ್ತಲಿಂದ ಅದುಮಿ ಹಿಡಿಯುತ್ತದೆ. ಇದನ್ನು ಎಣ್ಣೆ ಕರಗಿಸುವುದಿಲ್ಲ. ಮೊದಲು ಅದು ಬಿರುಕು ಬಿಡಬೇಕು, ಆಮೇಲೆ ಎಣ್ಣೆ ಆ ಬಿರುಕಿಗೆ ಇಳಿಯಬೇಕು. ನಿಮ್ಮ ಡಬ್ಲ್ಯುಡಿ-40 ಕೈಕೊಟ್ಟಿದ್ದಕ್ಕೆ ಅರ್ಧ ಕಾರಣ ಇದು. ಇನ್ನರ್ಧ, ಅದು ಮೂಲದಲ್ಲಿ ತೇವ ಓಡಿಸಲು ಮಾಡಿದ ದ್ರವ. ಹೆಸರಿನ ಡಬ್ಲ್ಯುಡಿ ಅಂದರೆ ಅದೇ. ತುಕ್ಕು ಬಿಡಿಸಲೆಂದೇ ಬರುವ ಪೆನೆಟ್ರೇಟಿಂಗ್ ಎಣ್ಣೆಗಳು ಇದಕ್ಕಿಂತ ಚೆನ್ನಾಗಿ ಒಳಗಿಳಿಯುತ್ತವೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಸಮ ಪ್ರಮಾಣದ ಅಸಿಟೋನ್ ಬೆರೆಸುವವರೂ ಇದ್ದಾರೆ. ಕೆಲಸ ಮಾಡುತ್ತದೆ, ಆದರೆ ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಅಲ್ಲಾಡಿಸಬೇಕು. ಅಸಿಟೋನ್ ಪ್ಲಾಸ್ಟಿಕ್ಕನ್ನೂ ಕೆಲವು ರಬ್ಬರ್‌ಗಳನ್ನೂ ತಿನ್ನುತ್ತದೆ. ಬೌಲ್ ಮುಚ್ಚಿರುವಾಗ ಒಳಗೆ ಏನಿದೆ ಅಂತ ಕಾಣುವುದಿಲ್ಲವಲ್ಲ, ನಾನಾದರೆ ಅಲ್ಲಿ ಬಳಸುವುದಿಲ್ಲ.

ಆ ಬಿರುಕು ಮೂಡಲು ಹದವಾಗಿ ಕಾಯಿಸಬೇಕು, ಟಾರ್ಚಿನಲ್ಲಿ ಮಾತ್ರ ಅಲ್ಲ. ಕಾಯಿಸುವ ಮುಂಚೆ ಒಂದು ಮಾತು. ಬೌಲ್ ತೆರೆದಿಲ್ಲ ಅಂದ ಮೇಲೆ ಒಳಗೆ ಪೆಟ್ರೋಲ್ ಉಳಿದಿರಬಹುದು. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಹೋಗಿ ದೂರದ ಕಿಡಿಯನ್ನೂ ಮುಟ್ಟುತ್ತದೆ. ಡ್ರೈನ್ ಸ್ಕ್ರೂ ಬಿಚ್ಚಿ ಹರಿಸಿ. ಅದೂ ಜಾಮ್ ಆಗಿದ್ದರೆ ಕಾರ್ಬೊರೇಟರನ್ನು ಬೋರಲು ಹಾಕಿ, ಪೆಟ್ರೋಲ್ ಬರುವ ನಳಿಕೆಯಿಂದಲೂ ಗಾಳಿ ರಂಧ್ರಗಳಿಂದಲೂ ಸುರಿದುಬಿಡಿ. ಆಮೇಲೆ ಬಯಲಿನಲ್ಲಿ ಕೆಲವು ದಿನ ಒಣಗಲು ಬಿಡಿ. ಮೂಗಿಗೆ ಪೆಟ್ರೋಲ್ ವಾಸನೆ ಬರುತ್ತಿರುವವರೆಗೆ ಹೀಟ್ ಗನ್ (ಬಿಸಿ ಗಾಳಿ ಊದುವ ಉಪಕರಣ) ಹತ್ತಿರ ತರಬೇಡಿ. ಉರಿ ಕಾಣದಿದ್ದರೂ ಅದರ ಒಳಗಿನ ತಂತಿ ಕೆಂಪಗೆ ಕಾದಿರುತ್ತದೆ. ಸುರಿದ ಪೆನೆಟ್ರೇಟಿಂಗ್ ಎಣ್ಣೆಯನ್ನೂ ಒರೆಸಿ. ಬ್ರೇಕ್ ಕ್ಲೀನರ್ ಬಳಸಿದ್ದರೆ ಅದರಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇದೆಯಾ ಅಂತ ಡಬ್ಬ ಓದಿ. ಇದ್ದರೆ ಆ ಭಾಗವನ್ನು ಕಾಯಿಸಲೇಬೇಡಿ, ಬರುವ ಅನಿಲ ಪ್ರಾಣಕ್ಕೇ ಅಪಾಯ.

ಗ್ಯಾಸ್ ಟಾರ್ಚ್ ಯಾಕೆ ಬೇಡ? ಸತು ಮಿಶ್ರಲೋಹ ಕರಗುವುದು 380 ಡಿಗ್ರಿ ಸುಮಾರಿಗೆ. ಟಾರ್ಚಿನ ಉರಿ 1000 ಡಿಗ್ರಿ ದಾಟುತ್ತದೆ. ಕೆಂಪಾಗುವುದು, ಬಣ್ಣ ತಿರುಗುವುದು ಏನೂ ಇಲ್ಲ. ಇದ್ದಕ್ಕಿದ್ದಂತೆ ಒಂದು ಮೂಲೆ ಕುಸಿದು ಬೀಳುತ್ತದೆ. ಹಳೇ ಬ್ರಿಟಿಷ್ ಬೈಕುಗಳ ಅಮಾಲ್ ಮಾನೊಬ್ಲಾಕ್, ಕಾನ್ಸೆಂಟ್ರಿಕ್ ಕಾರ್ಬೊರೇಟರುಗಳ ಮೈ ಸತುವಿನದೇ. ಜಪಾನಿನವುಗಳಲ್ಲಿ ಎರಡೂ ಬಗೆ ಸಿಗುತ್ತವೆ. ಕೈಯಲ್ಲಿ ಹಿಡಿದರೆ ಅಂದಾಜು ಸಿಗುತ್ತದೆ: ಸತು ಮಿಶ್ರಲೋಹ ಅಲ್ಯುಮಿನಿಯಂಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಗೊತ್ತಾಗದಿದ್ದರೆ ಸತು ಅಂತಲೇ ತಿಳಿದು ನಡೆಯಿರಿ.

ನಮಗೆ ಬೇಕಾದ ಶಾಖ 100ರಿಂದ 120 ಡಿಗ್ರಿ, ಅದಕ್ಕಿಂತ ಜಾಸ್ತಿ ಬೇಡ. ಒಂದೇ ಬಿಸಿಗೆ ಅಲ್ಯುಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ, ಸತು ಇನ್ನೂ ಸ್ವಲ್ಪ ಜಾಸ್ತಿ. 4 ಮಿಲಿಮೀಟರ್ ತೂತಿನಲ್ಲಿ 100 ಡಿಗ್ರಿ ಏರಿಕೆಗೆ ಸಿಗುವ ವ್ಯತ್ಯಾಸ ಲೆಕ್ಕ ಹಾಕಿದರೆ ಮಿಲಿಮೀಟರಿನ ಸಾವಿರದ ನಾಲ್ಕೈದು ಪಾಲು. ಅಷ್ಟೇನಾ ಅನ್ನಿಸಬಹುದು. ಆದರೆ ಆ ಬಿಳಿ ಪುಡಿ ಗಾಜಿನಂತೆ ಬಿರುಸು, ಅಷ್ಟು ಅಲುಗಾಟಕ್ಕೇ ಒಡೆಯುತ್ತದೆ. ಹೀಟ್ ಗನ್ನನ್ನು ಸ್ಕ್ರೂ ಕೂತಿರುವ ಮೂಲೆಗೆ ಮಾತ್ರ ಹಿಡಿಯಿರಿ, ಇಡೀ ಕಾರ್ಬೊರೇಟರ್‌ಗಲ್ಲ. ಒಳಗೆ ಫ್ಲೋಟ್, ಅಂದರೆ ಪೆಟ್ರೋಲ್ ಮಟ್ಟ ಕಾಯುವ ತೇಲು ತುಂಡು ಇದೆ. ಹಿತ್ತಾಳೆಯ ಫ್ಲೋಟಿನೊಳಗೆ ಎಂದೋ ಪೆಟ್ರೋಲ್ ಸೋರಿ ಸೇರಿಕೊಂಡಿದ್ದರೆ ಬಿಸಿಗೆ ಅದು ಉಬ್ಬಿ ಬೆಸುಗೆ ಬಿಡಬಹುದು. ಓವನ್ನಿನಲ್ಲಿ ಇಡುವ, ನೀರಲ್ಲಿ ಕುದಿಸುವ ಸಲಹೆಗಳನ್ನು ಇದೇ ಕಾರಣಕ್ಕೆ ಮುಚ್ಚಿದ ಬೌಲಿಗೆ ನಾನು ಒಪ್ಪುವುದಿಲ್ಲ. ಬಿಸಿ ಸಾಕಾಯಿತಾ ಅಂತ ನೋಡಲು ಒಂದು ಹನಿ ನೀರು ಬಿಡಿ. ಚುಂಯ್ ಅಂತ ಆರಿದರೆ 100 ದಾಟಿದೆ.

ಹೀಟ್ ಗನ್ ಇಲ್ಲದಿದ್ದರೆ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಯ ಗುಳಿಗೇ ಒತ್ತಿ ಒಂದೆರಡು ನಿಮಿಷ ಹಿಡಿಯಿರಿ. ಇಲ್ಲಿ ಮೊದಲು ಸ್ಕ್ರೂ ಹಿಗ್ಗಿ ಆಮೇಲೆ ತಣ್ಣಗಾಗುವಾಗ ಕುಗ್ಗುತ್ತದೆ. ಆ ಎಳೆದಾಟದಲ್ಲೇ ಹಿಡಿತ ಬಿಡುತ್ತದೆ. ಬಿಸಿ ಇರುವಾಗಲೇ ಮೇಣದ ಬತ್ತಿಯ ತುಂಡನ್ನು ತಲೆಯ ಅಂಚಿಗೆ ಮುಟ್ಟಿಸಿ ನೋಡಿ. ಮೇಣ ಕರಗಿ ಸಂದಿಯೊಳಗೆ ಹೋಗುತ್ತದೆ. ಹಳೇ ಮೆಕ್ಯಾನಿಕ್‌ಗಳ ಈ ಉಪಾಯವನ್ನು ನಾನು ದುಬಾರಿ ಸ್ಪ್ರೇಗಳಿಗಿಂತ ಹೆಚ್ಚು ನಂಬುತ್ತೇನೆ.

ಈಗ ಆರು ಒಳ್ಳೆಯ ಸ್ಕ್ರೂಗಳಿಗೆ ಬರೋಣ. ಗುಳಿಯೊಳಗಿನ ಕೊಳೆಯನ್ನು ಸೂಜಿಯಿಂದ ಪೂರ್ತಿ ಕೆರೆದು ತೆಗೆಯಿರಿ. ಇದನ್ನು ಯಾರೂ ಮಾಡುವುದಿಲ್ಲ. ಗುಳಿಯ ತಳದಲ್ಲಿ ಒಣಗಿದ ಪೇಂಟು, ಮಣ್ಣು ಕೂತಿದ್ದರೆ ಎಂಥ ಡ್ರೈವರ್ ತಂದರೂ ಪೂರ್ತಿ ಇಳಿಯುವುದಿಲ್ಲ. ಬೌಲ್ ಮೇಲೆ ಬರುವಂತೆ ಕಾರ್ಬೊರೇಟರನ್ನು ಮರದ ತುಂಡಿನ ಮೇಲೆ ಗಟ್ಟಿಯಾಗಿ ಕೂರಿಸಿ. ಹೀಗಿಟ್ಟರೆ ಎಣ್ಣೆಯೂ ತಾನಾಗಿ ಥ್ರೆಡ್ ಕಡೆಗೆ ಇಳಿಯುತ್ತದೆ. ಎಣ್ಣೆ ಬಿಟ್ಟು, ಡ್ರೈವರ್ ಇಟ್ಟು, ಅದರ ಹಿಂಬದಿಗೆ ಸಣ್ಣ ಸುತ್ತಿಗೆಯಿಂದ ಐದಾರು ಸಲ ಟಕಟಕ ಬಡಿಯಿರಿ. ಮೊಳೆ ಹೊಡೆಯುವ ಏಟಲ್ಲ, ಬಾಗಿಲು ತಟ್ಟುವಷ್ಟು. ಮಾರನೇ ದಿನ ಮತ್ತೆ ಎಣ್ಣೆ, ಮತ್ತೆ ತಟ್ಟು. ಆಮೇಲೆ ಕಾಯಿಸಿ, ಆರಲು ಬಿಡಿ, ಮತ್ತೆ ಕಾಯಿಸಿ. ಎರಡು ಮೂರು ಸುತ್ತಾದ ಮೇಲೆ, ಬಿಸಿ ಇರುವಾಗಲೇ, ತಿರುಗಿಸಲು ನೋಡಿ.

ತಿರುಗಿಸುವಾಗ ಬಲದಲ್ಲಿ ಏಳು ಪಾಲು ಒತ್ತಲು, ಮೂರು ಪಾಲು ತಿರುಗಿಸಲು ಅನ್ನುವುದು ಜಪಾನಿ ಮೆಕ್ಯಾನಿಕ್‌ಗಳ ಲೆಕ್ಕ. ಮೈಭಾರ ಡ್ರೈವರ್ ಮೇಲೆ ಬೀಳುವಂತೆ ನಿಂತುಕೊಳ್ಳಿ, ಕೂತು ಮಾಡಬೇಡಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಒಂದು ಸಣ್ಣ ಟಕ್ ಕೇಳಿಸಿದರೆ ಗೆದ್ದಿರಿ. ಆದರೂ ಒಂದೇ ಉಸಿರಿಗೆ ಪೂರ್ತಿ ಬಿಚ್ಚಬೇಡಿ. ಕಾಲು ಸುತ್ತು ಹಿಂದೆ, ಎಣ್ಣೆ, ಅಷ್ಟೇ ಮುಂದೆ, ಮತ್ತೆ ಹಿಂದೆ. ಇಲ್ಲದಿದ್ದರೆ ಆ ಪುಡಿಯೇ ಮುಂದಿನ ಥ್ರೆಡ್ಡಿಗೆ ತುಂಬಿಕೊಂಡು ಸ್ಕ್ರೂ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಕೆಲವು ಸಲ ಮುರಿದೇ ಹೋಗುತ್ತದೆ. ಡ್ರೈವರ್ ಜಾರುವ ಸೂಚನೆ ಕಂಡರೆ ಅಲ್ಲೇ ನಿಲ್ಲಿಸಿ. ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸ್ವಲ್ಪ ಸವರಿಕೊಳ್ಳಿ. ಅದರ ಮರಳು ಎರಡೂ ಲೋಹಕ್ಕೆ ಕಚ್ಚಿ ಹಿಡಿತ ಕೊಡುತ್ತದೆ. ಕೆಲಸವಾದ ಮೇಲೆ ಕಾರ್ಬೊರೇಟರ್ ಚೆನ್ನಾಗಿ ತೊಳೆಯಲೇಬೇಕು, ಆ ಮರಳು ಜೆಟ್ಟಿಗೆ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಹೋಗಬಾರದು.

ಸುತ್ತಿಗೆಯಿಂದ ಹೊಡೆದಾಗ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. ಎಂಜಿನ್ ಕವರುಗಳಿಗೆ ಅದು ದೇವರಂಥದ್ದು. ಕಾರ್ಬೊರೇಟರಿಗೆ ದೊಡ್ಡ ಗಾತ್ರದ್ದು ಬೇಡ, ತೆಳು ಎರಕ ಸೀಳುತ್ತದೆ. ಸಾಮಾನ್ಯ ಸ್ಕ್ರೂಡ್ರೈವರಿನ ಗಾತ್ರದ, ಪ್ರತಿ ಏಟಿಗೆ ಸ್ವಲ್ಪವೇ ತಿರುಗುವ ಸಣ್ಣ ಬಗೆಯದು ಬರುತ್ತದೆ. ಅದನ್ನು, ಕೆಳಗೆ ಸರಿಯಾದ ಆಧಾರ ಕೊಟ್ಟು, ಹಗುರ ಸುತ್ತಿಗೆಯಿಂದ ಬಳಸಬಹುದು. ಕಾರ್ಬೊರೇಟರ್ ಎಂಜಿನ್ ಮೇಲೇ ಇರುವಾಗ ಮಾತ್ರ ಯಾವ ಇಂಪ್ಯಾಕ್ಟೂ ಬೇಡ.

ತಲೆ ಹೋದ ಎರಡು ಸ್ಕ್ರೂಗಳನ್ನು ಕೊನೆಗೆ ಮುಟ್ಟಿ.  ಮೊದಲು ಚಪ್ಪಟೆ ಪಂಚ್ ಇಟ್ಟು ತಲೆಯ ಮೇಲೆ ತಟ್ಟಿ, ಹರಡಿದ ಲೋಹವನ್ನು ಗುಳಿಯ ಕಡೆಗೆ ಮರಳಿ ತನ್ನಿ. ಆಮೇಲೆ ಜೆಐಎಸ್ ಬಿಟ್ಟನ್ನು ಅದರೊಳಗೆ ಬಡಿದು ಇಳಿಸಿ. ಹೊಸ ಗುಳಿಯೇ ಮೂಡುತ್ತದೆ. ಸ್ವಲ್ಪ ಮಾತ್ರ ಸವೆದ ತಲೆಗೆ ಇದೇ ಸಾಕಾಗುವುದುಂಟು. ಆಗದಿದ್ದರೆ, ತಲೆ ಬೌಲಿನ ಮೇಲೆ ಎದ್ದು ನಿಂತಿದ್ದರೆ, ಗ್ರಿಪ್ ಪ್ಲೈಯರಿನಿಂದ ಪಕ್ಕದಲ್ಲಿ ಕಚ್ಚಿಸಿ ಹಿಡಿದು ತಿರುಗಿಸಿ. ಪ್ಲೈಯರ್ ಹಿಡಿಯಲು ಜಾಗ ಇಲ್ಲದಿದ್ದರೆ ಚೂಪಾದ ಸಣ್ಣ ಉಳಿಯನ್ನು ತಲೆಯ ಅಂಚಿಗೆ ಓರೆಯಾಗಿಟ್ಟು ಬಿಚ್ಚುವ ದಿಕ್ಕಿಗೆ ತಟ್ಟಬಹುದು. ಗರಗಸದಿಂದ ತಲೆಗೆ ಗೀರು ಹಾಕಿ ಫ್ಲಾಟ್ ಡ್ರೈವರ್ ಬಳಸುವ ದಾರಿಯೂ ಇದೆ, ಆದರೆ ಗರಗಸ ಬೌಲಿನ ಅಂಚನ್ನೂ ಕುಯ್ಯುತ್ತದೆ. ತೆಳು ಡಿಸ್ಕಿನ ಸಣ್ಣ ಕಟ್ಟರ್ ಇದ್ದರೆ ಮಾತ್ರ ಅದನ್ನು ಮಾಡಿ.

ಯಾವುದೂ ಆಗಲಿಲ್ಲ ಅಂದರೆ ಡ್ರಿಲ್. ಆದರೆ ನಿಮ್ಮ ಗೆಳೆಯರು ಹೇಳಿದ ರೀತಿ ಅಲ್ಲ. 4 ಮಿಲಿಮೀಟರ್ ಸ್ಕ್ರೂವಿನೊಳಗೆ ಹೋಗುವ ಈಸಿ ಔಟ್ ಎಷ್ಟು ತೆಳು ಇರುತ್ತದೆ, ನೀವೇ ಯೋಚಿಸಿ. ಅದು ಬೆಣೆಯಂತೆ ಒಳಗೆ ಹೋಗಿ ಸ್ಕ್ರೂವನ್ನು ಹೊರಕ್ಕೆ ಹಿಗ್ಗಿಸುತ್ತದೆ, ಅಂದರೆ ಇನ್ನಷ್ಟು ಬಿಗಿ. ಕೊನೆಗೆ ಟಕ್ ಅಂತ ಮುರಿದು ಒಳಗೇ ಉಳಿಯುತ್ತದೆ. ಗಟ್ಟಿ ಮಾಡಿದ ಉಕ್ಕು ಅದು, ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ. ಅದರ ಬದಲು ಸ್ಕ್ರೂವಿನ ತಲೆಯನ್ನು ಮಾತ್ರ ಹಾರಿಸಿ. 4 ಮಿಲಿಮೀಟರ್ ಸ್ಕ್ರೂಗೆ 4ರ ಬಿಟ್, 5ಕ್ಕೆ 5ರ ಬಿಟ್. ಗುಳಿಯ ನಡುವೆ ಪಂಚ್ ಮಾಡಿ, ನಿಧಾನ ವೇಗದಲ್ಲಿ, ತಲೆ ಬಿಟ್ಟಿನ ಜೊತೆ ಕಳಚಿ ಬರುವವರೆಗೆ ಮಾತ್ರ. ತಲೆ ಹೋದ ಕೂಡಲೇ ಬಿಗಿತ ಪೂರ್ತಿ ಹೋಗುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಬೌಲಿನ ಪಕ್ಕಕ್ಕೆ ತಟ್ಟಿ ಎತ್ತಿದರೆ, ಬೌಲಿನ ಅಂಚು ಎಷ್ಟು ದಪ್ಪ ಇತ್ತೋ ಅಷ್ಟುದ್ದದ ಸ್ಕ್ರೂ ತುಂಡು ಮೈಯಿಂದ ಎದ್ದು ನಿಂತಿರುತ್ತದೆ. ಅದಕ್ಕೆ ಎಣ್ಣೆ, ಬಿಸಿ ಕೊಟ್ಟು ಗ್ರಿಪ್ ಪ್ಲೈಯರಿನಲ್ಲಿ ಹಿಡಿದರೆ ಸಾಮಾನ್ಯವಾಗಿ ಬರುತ್ತದೆ. ಬೌಲ್ ತೆಗೆದ ಮೇಲೆ ಧೈರ್ಯವಾಗಿ ಕಾಯಿಸಲೂಬಹುದು, ಫ್ಲೋಟನ್ನೂ ರಬ್ಬರ್‌ಗಳನ್ನೂ ಬಿಚ್ಚಿಟ್ಟಿದ್ದರೆ.

ಆ ತುಂಡೂ ಮುರಿದರೆ ಉಲ್ಟಾ ತಿರುಗುವ ಡ್ರಿಲ್ ಬಿಟ್ ತರಿಸಿ. ಕೊರೆಯುತ್ತಿರುವಾಗಲೇ ಬಿಚ್ಚುವ ದಿಕ್ಕಿಗೆ ಎಳೆಯುತ್ತದೆ, ಎಷ್ಟೋ ಸಲ ತುಂಡು ತಾನಾಗಿ ಹೊರಬರುತ್ತದೆ. ಬರದಿದ್ದರೆ 4 ಮಿಲಿಮೀಟರ್ ಥ್ರೆಡ್ಡಿಗೆ 3.3, 5ಕ್ಕೆ 4.2 ಮಿಲಿಮೀಟರ್ ತನಕ ಕೊರೆದು ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಬೇಕು. ಇದನ್ನು ಕೈ ಡ್ರಿಲ್ಲಿನಲ್ಲಿ ನಡುವೆಯೇ ಹಿಡಿದು ಮಾಡುವುದು ಕಷ್ಟ, ಡ್ರಿಲ್ ಪ್ರೆಸ್ ಇರುವವರ ಹತ್ತಿರ ಒಯ್ಯಿರಿ. ಥ್ರೆಡ್ ಹಾಳಾದರೂ ಹೆದರಬೇಡಿ, ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗುವ ತಂತಿಸುರುಳಿ, ಕೂರಿಸಿದರೆ ಮೊದಲಿಗಿಂತ ಗಟ್ಟಿ.

ಅಲ್ಯುಮಿನಿಯಂ ಮೈಯಲ್ಲಿ ಉಕ್ಕಿನ ತುಂಡು ಸಿಕ್ಕಿಕೊಂಡಿದ್ದರೆ ಪಟಿಕದ ದ್ರಾವಣವೂ ಇದೆ. ಬಿಸಿ ನೀರಿನಲ್ಲಿ ಪಟಿಕ ಕರಗಿಸಿ, ಬಿಚ್ಚಿ ಬರಿದಾದ ಮೈಯನ್ನು ಅದರಲ್ಲಿ ಬಿಸಿಯಾಗಿಯೇ ಗಂಟೆಗಟ್ಟಲೆ ಇಟ್ಟರೆ ಉಕ್ಕು ನಿಧಾನವಾಗಿ ಕರಗುತ್ತದೆ, ಅಲ್ಯುಮಿನಿಯಂ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಗಡಿಯಾರ ರಿಪೇರಿಯವರು ಹಿತ್ತಾಳೆಯಲ್ಲಿ ಮುರಿದ ಉಕ್ಕಿನ ಸ್ಕ್ರೂಗೆ ಮಾಡುವುದೂ ಇದನ್ನೇ. ಸತುವಿನ ಮೈಗೆ ಇದನ್ನು ಮಾಡಬೇಡಿ, ಸ್ಕ್ರೂಗಿಂತ ಮೊದಲು ಕಾರ್ಬೊರೇಟರ್ ಕರಗುತ್ತದೆ. ವಿನೆಗರ್, ನಿಂಬೆರಸದ ಸಲಹೆಗಳಿಗೂ ಸತುವಿನ ವಿಷಯದಲ್ಲಿ ಇದೇ ಉತ್ತರ. ಕಾಸ್ಟಿಕ್ ಸೋಡಾ ಅಲ್ಯುಮಿನಿಯಂ ತಿನ್ನುತ್ತದೆ, ಅದರ ಹತ್ತಿರವೂ ಹೋಗಬೇಡಿ.

ಬೌಲ್ ತೆರೆದ ಮೇಲೆ ಇನ್ನೂ ಕೆಲವು ಜಾಮ್ ಆದವು ಸಿಗುತ್ತವೆ, ಅವುಗಳ ಸ್ವಭಾವ ಬೇರೆ. ಜೆಟ್ಟುಗಳು ಹಿತ್ತಾಳೆ. ಅವನ್ನು ಹಿಡಿದಿರುವುದು ಹೆಚ್ಚಾಗಿ ಹಳೇ ಪೆಟ್ರೋಲ್ ಒಣಗಿ ಆದ ಅಂಟು. ಅದಕ್ಕೆ ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಹಾಕುವುದೇ ಮದ್ದು. ಡ್ರೈವರ್ ತುದಿ ಜೆಟ್ಟಿನ ಗೀರಿನ ಪೂರ್ತಿ ಅಗಲ, ಪೂರ್ತಿ ದಪ್ಪ ತುಂಬಬೇಕು. ಸಡಿಲ ತುದಿ ಇಟ್ಟರೆ ಮೆತ್ತಗಿನ ಹಿತ್ತಾಳೆ ಒಂದೇ ತಿರುವಿಗೆ ಹರಿದುಹೋಗುತ್ತದೆ. ಫ್ಲೋಟಿನ ಪಿನ್ನನ್ನು ಹೊಡೆದು ತೆಗೆಯುವಾಗ ಅದನ್ನು ಹಿಡಿದ ಕಂಬಗಳಿಗೆ ಕೆಳಗಿನಿಂದ ಆಧಾರ ಕೊಡಿ, ತಲೆ ಇಲ್ಲದ ಕಡೆಯಿಂದಲೇ ತಳ್ಳಿ. ಸ್ಕ್ರೂಗಳಿಂದ ಕೆಟ್ಟ ಕಾರ್ಬೊರೇಟರುಗಳಿಗಿಂತ ಈ ಕಂಬ ಮುರಿದು ಕೆಟ್ಟವನ್ನೇ ನಾನು ಜಾಸ್ತಿ ನೋಡಿದ್ದೇನೆ.

ಐಡಲ್ ಮಿಕ್ಸ್ಚರ್ ಸ್ಕ್ರೂ (ಗಾಡಿ ನಿಂತು ಎಂಜಿನ್ ಓಡುವಾಗಿನ ಪೆಟ್ರೋಲ್-ಗಾಳಿ ಹದ ಮಾಡುವುದು) ವಿಷಯದಲ್ಲಿ ಮೇಲೆ ಹೇಳಿದ "ಮೊದಲು ಸ್ವಲ್ಪ ಬಿಗಿ ಮಾಡಿ" ಅನ್ನುವುದನ್ನು ಮರೆತುಬಿಡಿ. ಅದರ ತುದಿ ಸೂಜಿಯಂತೆ ಚೂಪು. ಒಳಗೆ ಒತ್ತಿದರೆ ತುದಿ ಮುರಿದು ರಂಧ್ರದಲ್ಲೇ ಕೂರುತ್ತದೆ, ಇಲ್ಲವೇ ರಂಧ್ರವೇ ಅಗಲವಾಗುತ್ತದೆ. ಬರೀ ಎಣ್ಣೆ, ಬಿಸಿ, ಬಿಚ್ಚುವ ದಿಕ್ಕು. ಥ್ರಾಟಲ್ ಚಿಟ್ಟೆ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ) ಇರುವ ಕಾರ್ಬೊರೇಟರಾದರೆ ಆ ಚಿಟ್ಟೆಯ ಸ್ಕ್ರೂಗಳನ್ನು ಸುಮ್ನೆ ಬಿಚ್ಚಬೇಡಿ. ಅವು ಸಡಿಲವಾಗಿ ಎಂಜಿನ್ನಿನೊಳಗೆ ಬೀಳಬಾರದು ಅಂತ ತುದಿಯನ್ನು ಬೇಕೆಂದೇ ಬಡಿದು ಅಗಲಿಸಿರುತ್ತಾರೆ. ಶಾಫ್ಟ್ ಸವೆದು ಗಾಳಿ ಎಳೆಯುತ್ತಿದ್ದರೆ ಮಾತ್ರ ಆ ಕೆಲಸ. ಆಗಲೂ ಅಗಲಿಸಿದ ಭಾಗ ಅರದಿಂದ ಉಜ್ಜಿ, ಆಮೇಲೆ ಬಿಚ್ಚಿ, ಹೊಸ ಸ್ಕ್ರೂ ಹಾಕಿ ಮತ್ತೆ ಭದ್ರ ಮಾಡಬೇಕು.

ಬಿಚ್ಚಿದ ಹಳೇ ಸ್ಕ್ರೂಗಳನ್ನು ಎಸೆಯಿರಿ, ಆದರೆ ಉದ್ದ ಅಳೆದುಕೊಂಡ ಮೇಲೆ. ಹೊಸದು ಒಂದೆರಡು ಮಿಲಿಮೀಟರ್ ಉದ್ದವಾದರೂ ತೂತಿನ ತಳಕ್ಕೆ ತಾಗಿ ಎರಕ ಸೀಳಬಹುದು. ಸ್ಟೇನ್‌ಲೆಸ್ ಅಲೆನ್ ಸ್ಕ್ರೂ ಹಾಕುವುದು ಈಗ ಎಲ್ಲರ ಆಸೆ. ಹೊಳೆಯುತ್ತದೆ, ಬಿಚ್ಚಲೂ ಸುಲಭ, ನಿಜ. ಆದರೆ ಸ್ಟೇನ್‌ಲೆಸ್ ಪಕ್ಕದಲ್ಲಿ ಅಲ್ಯುಮಿನಿಯಂ ಇನ್ನೂ ಬೇಗ ಸವೆಯುತ್ತದೆ. ಥ್ರೆಡ್ಡಿಗೆ ಆಂಟಿ ಸೀಜ್ (ಜಾಮ್ ಆಗದಂತೆ ತಡೆಯುವ ಪೇಸ್ಟ್) ಸವರದೆ ಹಾಕಬೇಡಿ. ನನ್ನ ಆಯ್ಕೆ ಸತು ಲೇಪದ ಮೂಲ ಬಗೆಯ ಸ್ಕ್ರೂ, ತುದಿಗೆ ಒಂದಿಷ್ಟು ಗ್ರೀಸ್. ಅಮಾಲ್‌ನಂಥ ಬ್ರಿಟಿಷ್ ಕಾರ್ಬೊರೇಟರ್ ಇರುವವರು ಮೆಟ್ರಿಕ್ ಸ್ಕ್ರೂ ತುರುಕಬೇಡಿ, ಅವುಗಳ ಥ್ರೆಡ್ ಬೇರೆ.

ಬಿಗಿ ಎಷ್ಟು? 4 ಮಿಲಿಮೀಟರ್‌ಗೆ 2 ನ್ಯೂಟನ್ ಮೀಟರ್ ಸುಮಾರು, ಅಂದರೆ ಡ್ರೈವರನ್ನು ಬೆರಳುಗಳಲ್ಲಿ ಹಿಡಿದು ತಿರುಗಿಸುವಷ್ಟು. ಅಲೆನ್ ಕೀಯ ಉದ್ದನೆಯ ಕಾಲು ಹಿಡಿದರೆ ಇದರ ಎರಡರಷ್ಟು ಬಿದ್ದದ್ದೂ ಗೊತ್ತಾಗುವುದಿಲ್ಲ. ಎದುರುಬದುರು ಸ್ಕ್ರೂಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಆಮೇಲೆ ಗಾಡಿಗೆ ಕೂರಿಸುವ ಮುಂಚೆ ಬೌಲಿಗೆ ಪೆಟ್ರೋಲ್ ಬಿಟ್ಟು ಅರ್ಧ ಗಂಟೆ ನೋಡಿ. ಅಂಚಿನಲ್ಲಿ ಜಿನುಗಿದರೆ ಸ್ಕ್ರೂ ಇನ್ನಷ್ಟು ಬಿಗಿ ಮಾಡಲು ಹೋಗಬೇಡಿ. ಗ್ಯಾಸ್ಕೆಟ್ ಹೊಸದಾಗಿದ್ದರೂ ಜಿನುಗುತ್ತಿದೆ ಅಂದರೆ ಬೌಲಿನ ಅಂಚು ಬಾಗಿರುತ್ತದೆ. ದಪ್ಪ ಗಾಜಿನ ಮೇಲೆ ಸಣ್ಣ ಮರಳುಕಾಗದ ಅಂಟಿಸಿ, ಬೌಲನ್ನು ಅದರ ಮೇಲೆ ಎಂಟರ ಆಕಾರದಲ್ಲಿ ಉಜ್ಜಿ. ಅಂಚು ಪೂರ್ತಿ ಒಂದೇ ಸಮ ಹೊಳೆಯುವವರೆಗೆ ಉಜ್ಜಿ, ತೊಳೆದು, ಮತ್ತೆ ಕೂರಿಸಿ.